ಮುಳುಗದ ದೋಣಿಯ ಆಟ

"ಬುದ್ಧಿ, ಆಡಲು ಬಂದವರೆಲ್ಲ ಗೆದ್ದುಕೊಂಡು ಹೋಗುವಂಥ ಆಟ ಕಟ್ಟಿದರೆ ತಪ್ಪೇನು?" ಎಂದು ಶಂಭುಲಿಂಗ ಗುರುವನ್ನು ಕೇಳಿದ.

ಶಂಭುಲಿಂಗ ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಆ ವರ್ಷ ಶಾಲೆಯಲ್ಲಿ ವ್ಯಾಪಾರ ಮೇಳ ನಡೆಸುವುದೆಂದು ತೀರ್ಮಾನವಾಗಿತ್ತು. ಒಂದೊಂದು ಮಳಿಗೆಗೆ ಒಂದೊಂದು ವ್ಯಾಪಾರ, ಮಳಿಗೆಯ ಮುಂದೆ ಅದಕ್ಕೆ ತಕ್ಕ ಒಂದು ಆಟ. ಆಡುತ್ತ ಆಡುತ್ತ ಮಕ್ಕಳು ವ್ಯಾಪಾರದ ಒಳಹೊರಗು ತಿಳಿಯಬೇಕು. ಆಟಗಳನ್ನು ಕಟ್ಟುವ ಹೊಣೆ ಶಂಭುಲಿಂಗನ ಮೇಲೆ ಬಿದ್ದಿತ್ತು. ಹಿಂದಿನ ದಿನ ಅವನು ಎರಡು ಆಟಗಳನ್ನು ಮಕ್ಕಳ ಮುಂದಿಟ್ಟು ನೋಡಿದ್ದ. ಹತ್ತರಲ್ಲಿ ಎಂಟು ಮಂದಿ ಸೋತರು. ಎರಡನೆಯ ಸಲ ಆಡಲು ಯಾರೂ ನಿಲ್ಲಲಿಲ್ಲ.

"ಸ್ವಲ್ಪ ಸಡಿಲ ಮಾಡಿದರೆ ಎಲ್ಲರೂ ನಗುನಗುತ್ತ ಆಡುತ್ತಾರೆ. ಎಷ್ಟಾದರೂ ಆಟವಲ್ಲವೇ?" ಎಂದ.

ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿಟ್ಟರು. ಕುಳಿತುಕೋ ಎಂದು ಕೈ ತೋರಿದರು. ಆಮೇಲೆ ಈ ಕತೆ ಹೇಳಿದರು.

ದೊಡ್ಡ ಹೊಳೆಯ ದಂಡೆಯ ಮೇಲೆ ಒಂದು ಪಟ್ಟಣವಿತ್ತು. ಅಲ್ಲಿ ಒಬ್ಬ ಬಡಗಿ ಇದ್ದ. ಬಾಗಿಲು, ಕಿಟಕಿ, ತೊಟ್ಟಿಲು ಎಲ್ಲವನ್ನೂ ಮಾಡುತ್ತಿದ್ದನಾದರೂ ಅವನಿಗೆ ಹೆಸರು ಬಂದದ್ದು ಆಟದ ಸಾಮಾನಿನಿಂದ. ಅಳಗುಳಿ ಮಣೆ, ಪಗಡೆ ಕಾಯಿ, ಬುಗುರಿ, ಪುಟ್ಟ ಗಾಡಿ, ಪುಟ್ಟ ತಕ್ಕಡಿ. ಅವನು ಮಾಡಿದ ತಕ್ಕಡಿ ನಿಜಕ್ಕೂ ತೂಗುತ್ತಿತ್ತು. ಅವನು ಮಾಡಿದ ಗಾಡಿ ಇಳಿಜಾರಿನಲ್ಲಿ ಬಿಟ್ಟರೆ ನೆಟ್ಟಗೆ ಉರುಳುತ್ತಿತ್ತು. ಆಟದ ವಸ್ತು ಎಂದು ಅವನು ಯಾವುದನ್ನೂ ಹಗುರವಾಗಿ ಮಾಡಿದವನಲ್ಲ.

ಆ ಪಟ್ಟಣದ ವರ್ತಕರೆಲ್ಲ ಸೇರಿ ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಐದು ದಿನ ಒಂದು ಮೇಳ ನಡೆಸುತ್ತಿದ್ದರು. ಹೊಳೆಯ ಮೇಲ್ಭಾಗದ ಹಳ್ಳಿಗಳ ಜನ ಅದಕ್ಕೆ ಬರುತ್ತಿದ್ದರು. ಹತ್ತಿ ಎಲ್ಲಿಂದ ಬರುತ್ತದೆ, ಎಣ್ಣೆ ಹೇಗೆ ತೆಗೆಯುತ್ತಾರೆ, ಒಳ್ಳೆಯ ಹಗ್ಗ ಯಾವುದು, ಕೆಟ್ಟ ಹಗ್ಗ ಯಾವುದು ಎಂದು ವರ್ತಕರು ತಮ್ಮ ತಮ್ಮ ಮಳಿಗೆಯಲ್ಲಿ ನಿಂತು ಹೇಳುತ್ತಿದ್ದರು. ಜನ ತಲೆ ಆಡಿಸಿ ಮುಂದಿನ ಮಳಿಗೆಗೆ ಹೋಗುತ್ತಿದ್ದರು. ಊರು ಸೇರುವ ಹೊತ್ತಿಗೆ ಕೇಳಿದ್ದೆಲ್ಲ ಮರೆತಿರುತ್ತಿತ್ತು.

ಒಂದು ವರ್ಷ ವರ್ತಕರ ಯಜಮಾನ ಬಡಗಿಯನ್ನು ಕರೆಸಿದ. "ಆಚಾರಿ, ಜನರ ಕಿವಿಗೆ ಹೇಳಿ ಹೇಳಿ ಸಾಕಾಯಿತು. ಅವರ ಕೈಗೆ ಕೆಲಸ ಕೊಡಬೇಕು. ಪ್ರತಿ ಮಳಿಗೆಗೂ ಒಂದು ಆಟ ಕಟ್ಟಿಕೊಡು. ಆಡಿದವನಿಗೆ ಆ ವ್ಯಾಪಾರದ ಒಂದಾದರೂ ಸಂಗತಿ ತಿಳಿದಿರಬೇಕು," ಎಂದ.

ಬಡಗಿಗೆ ಇಂಥ ಕೆಲಸ ಯಾರೂ ಕೊಟ್ಟಿರಲಿಲ್ಲ. ಅವನು ಸಂತೋಷದಿಂದ ಒಪ್ಪಿದ. ಆರು ತಿಂಗಳು ಬೇರೆ ಕೆಲಸ ಹಿಡಿಯಲಿಲ್ಲ. ಒಬ್ಬೊಬ್ಬ ವರ್ತಕನ ಅಂಗಡಿಯಲ್ಲೂ ವಾರಗಟ್ಟಲೆ ಕುಳಿತು ನೋಡಿದ. ಧಾನ್ಯದ ವರ್ತಕನಿಗೆ, ಬಟ್ಟೆ ಮುಚ್ಚಿದ ಐದು ಬೋಗುಣಿಗಳ ಆಟ ಮಾಡಿದ. ಕಣ್ಣಿಂದ ನೋಡದೆ, ಒಳಗೆ ಕೈ ಹಾಕಿ, ಹಳೆಯ ಭತ್ತ ಯಾವುದು ಹೊಸದು ಯಾವುದು ಹೇಳಬೇಕು. ಹಗ್ಗದ ವರ್ತಕನಿಗೆ, ಒಂದೇ ಬಗೆ ಕಾಣುವ ಮೂರು ಹಗ್ಗಗಳನ್ನು ತೂಗುಬಿಟ್ಟ. ಯಾವುದು ಮೊದಲು ಹರಿಯುತ್ತದೆ ಎಂದು ಹೇಳಿ, ಆಮೇಲೆ ಕಲ್ಲು ಕಟ್ಟಿ ನೋಡಬೇಕು. ಆಡಿದವರು ತಪ್ಪುತ್ತಿದ್ದರು, ಮತ್ತೆ ಮುಟ್ಟಿ ನೋಡುತ್ತಿದ್ದರು.

ಕೊನೆಗೆ ಉಳಿದದ್ದು ದೋಣಿ ವರ್ತಕನ ಮಳಿಗೆ. ಈ ವರ್ತಕ ದೋಣಿ ಕಟ್ಟಿಸಿ ಮಾರುತ್ತಿದ್ದ. ಬಡಗಿಗೆ ಮರ ಗೊತ್ತಿತ್ತು, ದೋಣಿ ಗೊತ್ತಿರಲಿಲ್ಲ. ಹಾಗಾಗಿ ಅವನು ಒಬ್ಬ ಮುದಿ ಅಂಬಿಗನ ಜೊತೆ ಒಂದು ತಿಂಗಳು ಹೊಳೆ ದಾಟುತ್ತ ಕಳೆದ. ಹೊರೆ ಏರಿಸುವಾಗ ಅಂಬಿಗ ಹೇಗೆ ಬಗ್ಗಿ ನೀರನ್ನು ನೋಡುತ್ತಾನೆ, ಯಾವಾಗ ಸಾಕು ಎಂದು ಕೈ ಎತ್ತುತ್ತಾನೆ ಎಂಬುದನ್ನು ಗಮನಿಸಿದ.

"ನಿಂತ ನೀರಲ್ಲಿ ದೋಣಿ ಎಷ್ಟು ಹಾಕಿದರೂ ಹೊರುತ್ತದೆ ಅಂತ ಅನ್ನಿಸುತ್ತದೆ," ಎಂದು ಅಂಬಿಗ ಹೇಳಿದ. "ಹೊಳೆ ನಿಂತಿರುವುದಿಲ್ಲವಲ್ಲ. ಅಲೆಗೆ ಒಂದಿಷ್ಟು ಜಾಗ ಬಿಟ್ಟಿರಬೇಕು."

ಬಡಗಿ ಆ ಮಾತಿನಿಂದಲೇ ಆಟ ಕಟ್ಟಿದ. ಒಂದು ಉದ್ದನೆಯ ಕಲ್ಲುಬಾನಿಗೆ ನೀರು ತುಂಬಿದ. ವರ್ತಕನ ದೋಣಿಯ ಅಳತೆಯನ್ನೇ ಕಿರಿದು ಮಾಡಿ ಮೊಳದುದ್ದದ ದೋಣಿ ಕೆತ್ತಿದ. ಅವನ ಹೆಂಡತಿ ಮರಳು ತುಂಬಿದ ಹದಿನಾಲ್ಕು ಪುಟ್ಟ ಚೀಲಗಳನ್ನು ಹೊಲಿದುಕೊಟ್ಟಳು. ಒಂದು ಚೀಲವೆಂದರೆ ನಿಜದ ದೋಣಿಯಲ್ಲಿ ಒಂದು ಕತ್ತೆ ಹೊರೆ. ಬಾನಿಯ ತುದಿಗೆ ಹಲಗೆಗಳ ಒಂದು ಚಕ್ರ ಕೂರಿಸಿದ. ಅದನ್ನು ತಿರುಗಿಸಿದರೆ ನೀರಿನಲ್ಲಿ ಅಲೆ ಏಳುತ್ತಿತ್ತು. ಆಡುವವನು ತನಗೆ ಸರಿ ಕಂಡಷ್ಟು ಚೀಲ ಏರಿಸಬೇಕು, ಆಮೇಲೆ ತಾನೇ ಚಕ್ರ ತಿರುಗಿಸಬೇಕು. ದೋಣಿ ತೇಲಿದರೆ ಗೆದ್ದ. ಗೆದ್ದವನಿಗೆ ಬಣ್ಣ ಹಾಕಿದ ಬೆರಳುದ್ದದ ಹುಟ್ಟು ಬಹುಮಾನ.

ನಿಂತ ನೀರಿನಲ್ಲಿ ದೋಣಿ ಹನ್ನೆರಡು ಚೀಲ ಹೊರುತ್ತಿತ್ತು. ಅಲೆ ಬಂದರೆ ಒಂಬತ್ತು. ಹತ್ತನೆಯದಕ್ಕೆ ಮುಳುಗುತ್ತಿತ್ತು. ಬಡಗಿ ಮುದಿ ಅಂಬಿಗನನ್ನು ಕರೆತಂದು ತೋರಿಸಿದ. ಅಂಬಿಗ ನಾಲ್ಕು ಸಲ ಚಕ್ರ ತಿರುಗಿಸಿ ನೋಡಿ, ಹೌದು, ಹೀಗೇ ಎಂದ.

ಮೇಳದ ಮೊದಲ ದಿನ ದೋಣಿ ಮಳಿಗೆಗೆ ಜನ ಮುತ್ತಿದರು. ಎಲ್ಲರೂ ಹನ್ನೊಂದು, ಹನ್ನೆರಡು ಚೀಲ ಏರಿಸಿದರು. ಚಕ್ರ ತಿರುಗಿಸಿದರು. ದೋಣಿ ಮುಳುಗಿತು. ಸುತ್ತ ನಿಂತವರು ನಕ್ಕರು. ಆಡಿದವನು ಒದ್ದೆ ಕೈ ಒರೆಸಿಕೊಂಡು, ಆಟವೇ ಸರಿಯಿಲ್ಲ ಎಂದು ಗೊಣಗಿಕೊಂಡು ಹೋದ. ಮಧ್ಯಾಹ್ನದ ಹೊತ್ತಿಗೆ ಆಡುವವರು ಕಡಿಮೆಯಾದರು. ಸಂಜೆಗೆ ಬಡಗಿ ಒಬ್ಬನೇ ಬಾನಿಯ ಪಕ್ಕದಲ್ಲಿ ನಿಂತಿದ್ದ. ಆ ದಿನ ದೋಣಿ ಬೇಕೆಂದು ಒಬ್ಬನೂ ಕೇಳಲಿಲ್ಲ.

ವರ್ತಕ ಬಂದು ಬಾನಿಯೊಳಗೆ ಇಣುಕಿದ. ದೋಣಿ ತಳ ಸೇರಿತ್ತು.

"ಆಚಾರಿ, ಇದು ಯಾವ ಸೀಮೆಯ ಆಟ? ನನ್ನ ದೋಣಿ ಮುಳುಗುತ್ತದೆ ಎಂದು ನನ್ನ ಮಳಿಗೆಯಲ್ಲೇ ಡಂಗುರ ಹೊಡೆದ ಹಾಗಾಯಿತು," ಎಂದ.

"ಮಿತಿ ಮೀರಿದರೆ ಯಾರ ದೋಣಿಯಾದರೂ ಮುಳುಗುತ್ತದೆ, ಸಾಹುಕಾರರೇ. ಅದನ್ನು ತಿಳಿಸುವುದಕ್ಕೇ ಆಟ."

"ತಿಳಿಸುವುದು ಹೊಳೆಯ ಕೆಲಸ. ಮೇಳಕ್ಕೆ ಬಂದವರು ನಗಬೇಕು. ಅಷ್ಟು ಮಾಡು."

ಬಡಗಿ ಅಲ್ಲಿಯೇ ನಿಂತು ಯೋಚಿಸಿದ. ವರ್ತಕನ ಮಾತನ್ನು ಅವನು ಮೀರಬಹುದಿತ್ತು. ಯಜಮಾನನ ಬಳಿಗೆ ಹೋಗಿ ದೂರಬಹುದಿತ್ತು. ಆದರೆ ಅವನ ಮನಸ್ಸೂ ಆ ದಿನ ನೊಂದಿತ್ತು. ಆರು ತಿಂಗಳು ಕಷ್ಟಪಟ್ಟು ಆಟಗಳನ್ನು ಕಟ್ಟಿದ್ದ. ಎಲ್ಲಕ್ಕಿಂತ ಚೆನ್ನಾದದ್ದು ಇದೇ ಎಂದುಕೊಂಡಿದ್ದ. ಅದನ್ನು ಆಡಿದವರು ಬೈದುಕೊಂಡು ಹೋದರು. ಆಟವೆಂದ ಮೇಲೆ ಜನರಿಗೆ ಸಂತೋಷವಾಗಬೇಕು, ಇಷ್ಟಕ್ಕೂ ಇದು ಮರದ ತುಂಡು ತಾನೇ ಎಂದು ತನಗೆ ತಾನೇ ಹೇಳಿಕೊಂಡ.

ಮರುದಿನ ಬೆಳಿಗ್ಗೆ ಮೇಳ ತೆರೆಯುವ ಮೊದಲೇ ಬಂದು ದೋಣಿಯನ್ನು ಮಗುಚಿ ಹಾಕಿದ. ತಳದ ಕೆಳಗೆ ಬೆಂಡಿನ ತುಂಡುಗಳನ್ನು ಜೋಡಿಸಿದ. ನೀರಿನಲ್ಲಿ ತೇಲುವುದೇ ಬೆಂಡಿನ ಗುಣ. ಅದರ ಮೇಲೆ ತೆಳುವಾದ ಹಲಗೆ ಬಡಿದು, ಬಣ್ಣ ಬಳಿದ. ದೋಣಿ ನೋಡಲು ಮೊದಲಿನಂತೆಯೇ ಇತ್ತು. ಹದಿನಾಲ್ಕು ಚೀಲಗಳನ್ನೂ ಏರಿಸಿ ಚಕ್ರ ತಿರುಗಿಸಿದ. ದೋಣಿ ಓಲಾಡಿತು, ಮುಳುಗಲಿಲ್ಲ.

ಆ ದಿನದಿಂದ ದೋಣಿ ಮಳಿಗೆಯ ಮುಂದೆ ಜನರಿಗೆ ನಿಲ್ಲಲು ಜಾಗವಿರಲಿಲ್ಲ. ಪ್ರತಿಯೊಬ್ಬನೂ ಎಚ್ಚರಿಕೆಯಿಂದ ಚೀಲ ಜೋಡಿಸುತ್ತಿದ್ದ, ಉಸಿರು ಬಿಗಿಹಿಡಿದು ಚಕ್ರ ತಿರುಗಿಸುತ್ತಿದ್ದ, ದೋಣಿ ತೇಲುತ್ತಿತ್ತು. ತಾನು ಜಾಣನಾದದ್ದರಿಂದ ದೋಣಿ ತೇಲಿತು ಎಂದು ಪ್ರತಿಯೊಬ್ಬನಿಗೂ ಅನ್ನಿಸುತ್ತಿತ್ತು. ಗೆದ್ದವರು ಬಣ್ಣದ ಹುಟ್ಟನ್ನು ಮುಂಡಾಸಿಗೆ ಸಿಕ್ಕಿಸಿಕೊಂಡು ಮೇಳವೆಲ್ಲ ತಿರುಗಿದರು. ಅವರನ್ನು ನೋಡಿ ಇನ್ನಷ್ಟು ಜನ ಬಂದರು. ಬಡಗಿಯನ್ನು ಹುಡುಕಿಕೊಂಡು ಬಂದು ಹೊಗಳಿದರು.

ಮೂರನೆಯ ದಿನ ಒಬ್ಬ ಕುಂಬಾರ ಬಂದ. ಮೇಲಿನ ಹಳ್ಳಿಯವನು. ಜೊತೆಯಲ್ಲಿ ಅವನ ತಮ್ಮನಿದ್ದ. ಇಬ್ಬರೂ ಮಡಕೆಗಳನ್ನು ಕತ್ತೆಯ ಮೇಲೆ ಹೇರಿಕೊಂಡು ಎರಡು ದಿನ ನಡೆದು ಪಟ್ಟಣಕ್ಕೆ ಬರುತ್ತಿದ್ದರು. ದಾರಿಯಲ್ಲಿ ನಾಲ್ಕರಲ್ಲಿ ಒಂದು ಮಡಕೆ ಒಡೆಯುತ್ತಿತ್ತು. ಕುಂಬಾರ ಬೇರೆಯವರಂತೆ ನಗುತ್ತ ಆಡಲಿಲ್ಲ. ಮೊದಲು ಎಂಟು ಚೀಲ ಏರಿಸಿದ, ಆಮೇಲೆ ಹನ್ನೊಂದು, ಆಮೇಲೆ ಹದಿನಾಲ್ಕು. ಪ್ರತಿ ಸಲವೂ ಚಕ್ರವನ್ನು ಜೋರಾಗಿ ತಿರುಗಿಸಿ, ಬಗ್ಗಿ ದೋಣಿಯ ಅಂಚನ್ನೇ ನೋಡಿದ. ಬಹುಮಾನ ಬೇಡವೆಂದ.

"ಆಚಾರ್ರೇ, ನಿಜವಾದ ದೋಣಿಯೂ ಹೀಗೇ ತಡೆಯುತ್ತದೆಯೇ?" ಎಂದು ಕೇಳಿದ.

ಹಿಂದೆ ಇಪ್ಪತ್ತು ಮಂದಿ ತಮ್ಮ ಸರದಿಗೆ ಕಾಯುತ್ತಿದ್ದರು. ಪಕ್ಕದಲ್ಲಿ ವರ್ತಕ ನಿಂತಿದ್ದ.

"ನಿಜವಾದ ದೋಣಿಯ ಅಳತೆ ಹಿಡಿದೇ ಇದನ್ನು ಮಾಡಿದ್ದು," ಎಂದ ಬಡಗಿ.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಕುಂಬಾರ ತಮ್ಮನ ಮುಖ ನೋಡಿದ. ತಮ್ಮ ತಲೆಯಾಡಿಸಿದ. ಇಬ್ಬರೂ ವರ್ತಕನ ಹಿಂದೆ ಹೋಗಿ ಒಂದು ದೋಣಿಗೆ ಮಾತು ಕೊಟ್ಟು ಬಂದರು. ಆ ಮೇಳದಲ್ಲಿ ವರ್ತಕ ಹನ್ನೊಂದು ದೋಣಿಗಳಿಗೆ ಗಿರಾಕಿ ಹಿಡಿದ. ಕೊನೆಯ ದಿನ ಯಜಮಾನ ಬಡಗಿಯನ್ನು ಎಲ್ಲರೆದುರು ಕರೆದು ಶಾಲು ಹೊದಿಸಿದ. ಬಡಗಿಯ ಹೆಂಡತಿ ಆ ಶಾಲನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು.

ನಾಲ್ಕು ತಿಂಗಳು ಕಳೆದವು. ಬಡಗಿ ಒಂದು ದಿನ ಮರ ಕೊಳ್ಳಲು ಹೊಳೆಯ ದಂಡೆಗೆ ಹೋದ. ಮೇಲಿನಿಂದ ದಿಮ್ಮಿಗಳನ್ನು ತೇಲಿಸಿಕೊಂಡು ಬಂದವನು ಊರೂರಿನ ಸುದ್ದಿ ಹೇಳುತ್ತಿದ್ದ. ಎರಡು ಹೊಳೆ ಕೂಡುವ ಕಡೆ ಹೊಸ ದೋಣಿಯೊಂದು ಮುಳುಗಿತು ಎಂದ. ದೋಣಿ ತುಂಬ ಮಡಕೆಗಳಿದ್ದವು. ಕುಂಬಾರ ಈಜಿ ದಡ ಸೇರಿದ. ಅವನ ತಮ್ಮ ಸಿಗಲಿಲ್ಲ. ಮೂರು ದಿನದ ಮೇಲೆ ಕೆಳಗಿನ ಮಡುವಿನಲ್ಲಿ ಹೆಣ ಸಿಕ್ಕಿತು.

"ಎಷ್ಟು ಹೊರೆ ಇತ್ತು?" ಎಂದು ಬಡಗಿ ಕೇಳಿದ.

"ಹನ್ನೆರಡು ಕತ್ತೆ ಹೊರೆಯಂತೆ. ಹದಿನಾಲ್ಕು ಹೊರುವ ದೋಣಿ, ಎರಡು ಕಡಿಮೆಯೇ ಹಾಕಿದ್ದೆ ಅಂತ ಅಳುತ್ತಿದ್ದ."

ಬಡಗಿ ಮರ ಕೊಳ್ಳಲಿಲ್ಲ. ಮನೆಗೆ ಬಂದು ಹೆಂಡತಿಗೆ ಸಂಗತಿ ಹೇಳಿದ. ಅವಳು ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟಳು. ಅವನು ಎರಡು ದಿನ ನಡೆದು ಕುಂಬಾರನ ಹಳ್ಳಿ ಸೇರಿದ.

ಕುಂಬಾರ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಅವನ ಮುಂದೆ ನೆಲದ ಮೇಲೆ ದೋಣಿಯ ಆಕಾರದಲ್ಲಿ ಗೆರೆ ಎಳೆದಿತ್ತು. ಗೆರೆಯೊಳಗೆ ಮಡಕೆಗಳನ್ನು ಜೋಡಿಸಿದ್ದ. ಬಡಗಿ ನೋಡುತ್ತಿದ್ದಂತೆ ಕುಂಬಾರ ಎರಡು ಮಡಕೆ ತೆಗೆದು ಇನ್ನೊಂದು ತುದಿಗೆ ಇಟ್ಟ. ಸ್ವಲ್ಪ ಹೊತ್ತು ನೋಡಿದ. ಮತ್ತೆ ತೆಗೆದು ಮೊದಲಿನ ಜಾಗದಲ್ಲೇ ಇಟ್ಟ. ಬಾಗಿಲ ಬಳಿ ಒಬ್ಬ ಹೆಂಗಸು ನಿಂತಿದ್ದಳು. ಅವಳು ತಮ್ಮನ ಹೆಂಡತಿ.

"ಬನ್ನಿ, ಆಚಾರ್ರೇ," ಎಂದ ಕುಂಬಾರ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಬಂದದ್ದು ಒಳ್ಳೆಯದಾಯಿತು. ಎಲ್ಲಿ ತಪ್ಪಿದೆ ಅಂತ ನನಗೆ ತಿಳಿಯುತ್ತಿಲ್ಲ. ಭಾರವಾದವು ನಡುವೆ ಇಟ್ಟಿದ್ದೆ. ಹಗುರವಾದವು ಎರಡು ತುದಿಗೆ. ಆಟದಲ್ಲೂ ನಡುವೆಯೇ ಹೆಚ್ಚು ಚೀಲ ಇಟ್ಟಿದ್ದು. ನೀರು ಅಂಚಿನ ತನಕ ಬಂದಾಗ, ದಡಕ್ಕೆ ತಿರುಗಿಸು ಅಣ್ಣಾ ಅಂದ ನನ್ನ ತಮ್ಮ. ತಡೆಯುತ್ತದೆ ಬಾರೋ ಅಂದೆ. ಜೋಡಣೆಯಲ್ಲೇ ನಾನು ಏನೋ ತಪ್ಪು ಮಾಡಿದ್ದೇನೆ. ನೀವೇ ನೋಡಿ ಹೇಳಿ."

ಎರಡು ತಿಂಗಳಿಂದ ಅವನು ಹೀಗೆಯೇ ಮಡಕೆ ಜೋಡಿಸುತ್ತಿದ್ದಾನೆ ಎಂದು ಬಾಗಿಲ ಬಳಿ ನಿಂತಿದ್ದ ಹೆಂಗಸು ಹೇಳಿದಳು.

ಬಡಗಿ ಆ ಗೆರೆಯ ಈಚೆ ನೆಲದ ಮೇಲೆ ಕುಳಿತ. ದಾರಿಯುದ್ದಕ್ಕೂ ಅವನು ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದ. ವರ್ತಕ ಹೇಳಿದ್ದು, ಜನ ಬೈದದ್ದು, ಎಲ್ಲವನ್ನೂ ಹೇಳಬೇಕೆಂದಿದ್ದ. ಈಗ ಅವು ಯಾವುವೂ ಬಾಯಿಗೆ ಬರಲಿಲ್ಲ.

"ನಿನ್ನ ಜೋಡಣೆ ಸರಿಯಾಗಿದೆ," ಎಂದ. "ಆಟದ ದೋಣಿಯ ತಳದಲ್ಲಿ ನಾನು ಬೆಂಡು ಇಟ್ಟಿದ್ದೆ. ಬೆಂಡಿಲ್ಲದಿದ್ದರೆ ಅದು ಒಂಬತ್ತಕ್ಕಿಂತ ಹೆಚ್ಚು ಹೊರುತ್ತಿರಲಿಲ್ಲ."

ಕುಂಬಾರ ಗೆರೆಯೊಳಗಿನ ಮಡಕೆಗಳನ್ನು ಒಂದೊಂದಾಗಿ ಎತ್ತಿ ಗೋಡೆಯ ಪಕ್ಕ ಇಟ್ಟ. ಎಲ್ಲವನ್ನೂ ಇಟ್ಟ ಮೇಲೆ ಅಂಗೈಯಿಂದ ಗೆರೆಯನ್ನು ಒರೆಸಿದ.

"ಯಾಕೆ ಇಟ್ಟಿರಿ?" ಎಂದು ಕೇಳಿದ.

"ಮುಳುಗಿದಾಗ ಜನರಿಗೆ ಬೇಜಾರಾಗುತ್ತಿತ್ತು."

"ಆ ದಿನ ಬಾನಿಯಲ್ಲಿ ಮುಳುಗಿದ್ದರೆ ನಾನು ನಿಮ್ಮನ್ನು ಬೈದುಕೊಂಡು ಊರಿಗೆ ಬರುತ್ತಿದ್ದೆ," ಎಂದ ಕುಂಬಾರ. "ತಮ್ಮನೂ ಜೊತೆಗೆ ಬೈಯುತ್ತಿದ್ದ. ಅಷ್ಟೇ ತಾನೇ ಆಗುತ್ತಿದ್ದದ್ದು?"

ಬಾಗಿಲ ಬಳಿಯಿದ್ದ ಹೆಂಗಸು ಒಳಗೆ ಹೋದಳು. ಅವಳು ಹೊರಗೆ ಬಂದು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಬಡಗಿ ಕಾದ. ಅವಳು ಬರಲಿಲ್ಲ. ಅವನು ಎದ್ದು ನಿಂತಾಗ ಕುಂಬಾರ ಒಂದೇ ಮಾತು ಕೇಳಿದ. "ಮೇಳದಲ್ಲಿ ಮಾರಿದ ಉಳಿದ ದೋಣಿಗಳು ಯಾರ ಬಳಿ ಇವೆ?"

ಪಟ್ಟಣಕ್ಕೆ ಮರಳಿದ ಬಡಗಿ ನೇರವಾಗಿ ದೋಣಿ ವರ್ತಕನ ಬಳಿಗೆ ಹೋದ. ದೋಣಿ ಕೊಂಡ ಹತ್ತು ಮಂದಿಗೂ ಹೇಳಿಕಳಿಸಬೇಕು ಎಂದ. ವರ್ತಕ ಒಪ್ಪಲಿಲ್ಲ. ನನ್ನ ದೋಣಿಯಲ್ಲಿ ಒಂದು ಬಿರುಕಿದ್ದರೆ ತೋರಿಸು, ಹೊರೆ ಏರಿಸಿದವನ ತಪ್ಪಿಗೆ ನಾನು ಹೊಣೆಯಲ್ಲ ಎಂದ. ಅವನ ದೋಣಿಯಲ್ಲಿ ಬಿರುಕಿರಲಿಲ್ಲ. ಬಡಗಿ ಕೊಂಡವರ ಊರುಗಳ ಹೆಸರನ್ನು ಮಾತ್ರ ಕೇಳಿ ಪಡೆದ.

ಆಮೇಲೆ ಮನೆಗೆ ಹೋಗಿ, ಮೂಲೆಯಲ್ಲಿದ್ದ ಆಟದ ದೋಣಿಯನ್ನು ಮಗುಚಿ ಹಾಕಿ, ತೆಳು ಹಲಗೆ ಕಿತ್ತು, ಬೆಂಡನ್ನೆಲ್ಲ ತೆಗೆದ. ದೋಣಿಯನ್ನು ತಲೆಯ ಮೇಲೆ, ಮರಳಿನ ಚೀಲಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಹೊಳೆಯ ಗುಂಟ ಹೊರಟ. ಊರೂರಿಗೂ ಹೋದ. ದನ ನೀರು ಕುಡಿಯುವ ಬಾನಿ ಎಲ್ಲಿದೆ ಎಂದು ಕೇಳಿ, ಅದರಲ್ಲಿ ದೋಣಿ ಬಿಟ್ಟು, ದೋಣಿ ಕೊಂಡವನನ್ನು ಕರೆದು, ಅವನ ಕೈಯಿಂದಲೇ ಚೀಲ ಏರಿಸಿದ. ಚಕ್ರವಿರಲಿಲ್ಲ, ಅಂಗೈಯಿಂದಲೇ ಅಲೆ ಎಬ್ಬಿಸಿದ. ಹತ್ತನೆಯ ಚೀಲಕ್ಕೆ ದೋಣಿ ಎಲ್ಲರ ಕಣ್ಣೆದುರು ಮುಳುಗುತ್ತಿತ್ತು.

ಕೆಲವರು ನೋಡಿ ತಿಳಿದುಕೊಂಡರು. ತಮ್ಮ ದೋಣಿಯ ಮೈಮೇಲೆ, ನೀರು ಇದಕ್ಕಿಂತ ಮೇಲೆ ಬರಬಾರದು ಎಂದು ಸುಣ್ಣದ ಗೆರೆ ಎಳೆದುಕೊಂಡರು. ಕೆಲವರು ನಂಬಲಿಲ್ಲ. ಮೇಳದಲ್ಲಿ ನಾನೇ ಹದಿನಾಲ್ಕು ಹಾಕಿ ಗೆದ್ದಿದ್ದೇನೆ, ಈಗ ಬಂದು ಮೋಸ ಮಾಡುತ್ತೀಯಾ ಎಂದು ಒಬ್ಬ ಅವನನ್ನು ಊರಾಚೆಗೆ ತಳ್ಳಿಸಿದ. ಹೊಸ ದೋಣಿಗೆ ಪೂಜೆ ಮಾಡಿದ ದಿನವೇ ಮುಳುಗಿಸಿ ತೋರಿಸಲು ಬಂದೆಯಾ ಎಂದು ಇನ್ನೊಬ್ಬ ಆಟದ ದೋಣಿಯನ್ನು ಕಿತ್ತುಕೊಂಡು ಒಲೆಗೆ ಹಾಕಿದ. ಬಡಗಿ ಆ ಊರಿನಲ್ಲೇ ಮರ ಬೇಡಿ ಪಡೆದು, ಇನ್ನೊಂದು ದೋಣಿ ಕೆತ್ತಿ, ಅದೇ ಮನುಷ್ಯನ ಬಾಗಿಲಿಗೆ ಮತ್ತೆ ಹೋದ. ಮೂರನೆಯ ಸಲ ಹೋದಾಗ ಅವನು ಸುಮ್ಮನೆ ನಿಂತು ನೋಡಿದ.

ಮುಂದಿನ ವರ್ಷದ ಮೇಳದಲ್ಲಿ ದೋಣಿ ಮಳಿಗೆಯವನು ಬೇರೆ ಬಡಗಿಯಿಂದ ಬೇರೆ ಆಟ ಮಾಡಿಸಿಕೊಂಡ. ನಮ್ಮ ಬಡಗಿ ತನ್ನ ಬಾನಿಯನ್ನು ಹೊಳೆ ದಾಟುವ ಕಡೆ, ದೋಣಿಗಳು ಬಂದು ನಿಲ್ಲುವ ಜಾಗದಲ್ಲಿ ಇಟ್ಟುಕೊಂಡು ಕುಳಿತ. ಬಹುಮಾನ ಇರಲಿಲ್ಲ. ಹೊರೆ ಹೇರಲು ಬಂದವರು ಕುತೂಹಲಕ್ಕೆ ಒಮ್ಮೆ ಆಡುತ್ತಿದ್ದರು. ಹನ್ನೊಂದು, ಹನ್ನೆರಡು ಏರಿಸುತ್ತಿದ್ದರು, ಮುಳುಗಿಸುತ್ತಿದ್ದರು, ಗೊಣಗುತ್ತ ಎದ್ದು ಹೋಗುತ್ತಿದ್ದರು. ಹೋದವರು ತಮ್ಮ ದೋಣಿಯ ಬಳಿ ನಿಂತು ಅರೆಗಳಿಗೆ ಬಗ್ಗಿ ನೀರನ್ನು ನೋಡುತ್ತಿದ್ದರು. ಬಡಗಿ ಅಷ್ಟನ್ನು ನೋಡಿ, ತಳ ಸೇರಿದ ದೋಣಿಯನ್ನು ಎತ್ತಿ, ನೀರು ಬಸಿದು, ಮತ್ತೆ ಬಾನಿಯಲ್ಲಿ ಬಿಡುತ್ತಿದ್ದ. ಸಾಯುವ ತನಕ ಅದೇ ಅವನ ಕೆಲಸವಾಯಿತು. ಊರಿನವರು ಅವನನ್ನು ಮುಳುಗಿಸುವ ಆಚಾರಿ ಎಂದು ಕರೆದರು. ಆ ಹೆಸರಿನಲ್ಲಿ ಪ್ರೀತಿಯೇನೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನನ್ನ ಆಟಗಳನ್ನು ಇದ್ದ ಹಾಗೆಯೇ ಬಿಡುತ್ತೇನೆ, ಬುದ್ಧಿ," ಎಂದ ಶಂಭುಲಿಂಗ. "ಆದರೆ ಮಕ್ಕಳು ಚಿಕ್ಕವರು. ಸೋತರೆ ತಡೆದುಕೊಳ್ಳುತ್ತಾರೆಯೇ ಎಂಬುದೇ ನನ್ನ ಚಿಂತೆ."

"ಅವರು ತಡೆದುಕೊಳ್ಳುತ್ತಾರೆ," ಎಂದರು ಗುರುಗಳು. "ಅವರು ಬೈದರೆ ನೀನು ತಡೆದುಕೊಳ್ಳುತ್ತೀಯಾ?"

ಶಂಭುಲಿಂಗ ಗುರುಗಳಿಗೆ ಕೈಮುಗಿದು ಎದ್ದು, ಅದೇ ಎರಡು ಆಟಗಳನ್ನು ಮತ್ತೆ ಮಕ್ಕಳ ಮುಂದಿಡಲು ಹೋದ.